ಬಿತ್ತನೆಗೂ ಮುನ್ನ ಲೆಕ್ಕಾಚಾರ: ಗರ್ಟ್ರೂಡ್ ಕಾಕ್ಸ್ ಅವರ ಜೀವನ ಮತ್ತು ಕ್ಷೇತ್ರ ಪ್ರಯೋಗದ ಪಾಠ



ಹೊಸ ತಳಿಯೊಂದು ಎಕರೆಗೆ ಇಷ್ಟು ಕ್ವಿಂಟಾಲ್ ಇಳುವರಿ ನೀಡುತ್ತದೆ ಎಂಬ ಶಿಫಾರಸನ್ನು ತಾವು ಓದುತ್ತೀರಿ. ಆ ಅಂಕಿಯನ್ನು ನಂಬಿ ಬೀಜ ಕೊಳ್ಳುತ್ತೀರಿ, ಅಗತ್ಯ ಬಿದ್ದರೆ ಸಾಲವನ್ನೂ ಮಾಡುತ್ತೀರಿ. ಅಂಕಿ ತಪ್ಪಾದರೆ ನಷ್ಟವಾಗುವುದು ತಮ್ಮ ಒಂದು ಇಡೀ ಹಂಗಾಮು. ಹಾಗಾದರೆ ಆ ಅಂಕಿ ನಂಬಲರ್ಹವೇ ಎಂಬುದು ಯಾವಾಗ ತೀರ್ಮಾನವಾಗುತ್ತದೆ? ಕೊಯ್ಲಿನ ನಂತರ ತೂಕ ಮಾಡುವಾಗಲ್ಲ. ಬಿತ್ತನೆಗೂ ಮುನ್ನ, ತಾಕುಗಳನ್ನು ಗುರುತಿಸುವಾಗ. ಈ ಮಾತನ್ನು ಕೃಷಿ ಸಂಶೋಧನೆಯ ನಿತ್ಯದ ರೂಢಿಯಾಗಿಸಲು ದುಡಿದವರಲ್ಲಿ ಅಮೆರಿಕದ ಗರ್ಟ್ರೂಡ್ ಮೇರಿ ಕಾಕ್ಸ್ ಅವರು ಪ್ರಮುಖರು. ಅವರ ಬದುಕನ್ನು ತಾವು ಅರಿತರೆ ನಮ್ಮ ಪ್ರಯೋಗ ತಾಕುಗಳು ಏಕೆ ಹಾಗಿರುತ್ತವೆ ಎಂಬುದೂ ತಿಳಿಯುತ್ತದೆ.

ಒಕ್ಕಲು ಮನೆಯಿಂದ ಕಾಲೇಜಿಗೆ

ಕಾಕ್ಸ್ ಅವರು 1900ರ ಜನವರಿ 13ರಂದು ಅಮೆರಿಕದ ಅಯೋವಾ ರಾಜ್ಯದ ಡೇಟನ್ ಪಟ್ಟಣದ ಸಮೀಪದ ಒಂದು ಜಮೀನಿನಲ್ಲಿ ಜನಿಸಿದರು. ಅಯೋವಾ ಮುಸುಕಿನ ಜೋಳಕ್ಕೆ ಹೆಸರಾದ ಸೀಮೆ. 1918ರಲ್ಲಿ ಪೆರಿ ಎಂಬ ಊರಿನಲ್ಲಿ ಪ್ರೌಢಶಾಲೆ ಮುಗಿಸಿದಾಗ ಅವರ ಮನಸ್ಸು ಗಣಿತದ ಕಡೆಗಿರಲಿಲ್ಲ. ಮೆಥಡಿಸ್ಟ್ ಚರ್ಚಿನ ಸೇವಾವ್ರತಿಯಾಗಬೇಕೆಂಬುದು ಅವರ ಹಂಬಲವಾಗಿತ್ತು. ಅದಕ್ಕೆ ತಕ್ಕ ತರಬೇತಿ ಪಡೆದು, ಮೊಂಟಾನಾ ರಾಜ್ಯದ ಅನಾಥಾಲಯವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡಿದರು.

ಹೆಚ್ಚಿನ ಜವಾಬ್ದಾರಿ ಬೇಕಾದರೆ ಪದವಿ ಬೇಕು ಎಂಬ ಕಾರಣದಿಂದ 1925ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಏಮ್ಸ್ ಪಟ್ಟಣದ ಅಯೋವಾ ಸ್ಟೇಟ್ ಕಾಲೇಜಿಗೆ ಸೇರಿದರು. ಇದು ಕೃಷಿ ಶಿಕ್ಷಣಕ್ಕೆ ಪ್ರಸಿದ್ಧವಾದ ಸಂಸ್ಥೆ. ತಮಗೆ ಸುಲಭವೆನಿಸಿದ ಗಣಿತವನ್ನೇ ಮುಖ್ಯ ವಿಷಯವಾಗಿ ಆಯ್ದುಕೊಂಡರು.

ಮೊದಲ ಸ್ನಾತಕೋತ್ತರ ಪದವಿ

ಆ ಕಾಲೇಜಿನಲ್ಲಿ ಆಗಲೇ ಹೊಸ ಗಾಳಿ ಬೀಸತೊಡಗಿತ್ತು. ಕೃಷಿ ಪತ್ರಿಕೆಯೊಂದರ ಸಂಪಾದಕರೂ ಮುಸುಕಿನ ಜೋಳದ ತಳಿ ಅಭಿವೃದ್ಧಿಯಲ್ಲಿ ತೊಡಗಿದ್ದವರೂ ಆದ ಹೆನ್ರಿ ವ್ಯಾಲೇಸ್ ಅವರು 1924ರಲ್ಲಿ ಅಲ್ಲಿನ ಅಧ್ಯಾಪಕರಿಗೆ ಶನಿವಾರದ ತರಗತಿಗಳನ್ನು ನಡೆಸಿ, ಯಂತ್ರಗಳ ನೆರವಿನಿಂದ ಕೃಷಿ ಅಂಕಿ-ಅಂಶಗಳನ್ನು ವಿಶ್ಲೇಷಿಸುವ ಕ್ರಮವನ್ನು ತಿಳಿಸಿದ್ದರು. ಇದೇ ವ್ಯಾಲೇಸ್ ಮುಂದೆ ಅಮೆರಿಕದ ಕೃಷಿ ಸಚಿವರೂ ಉಪರಾಷ್ಟ್ರಪತಿಗಳೂ ಆದರು. ಗಣಿತದ ಪ್ರಾಧ್ಯಾಪಕ ಜಾರ್ಜ್ ಸ್ನೆಡೆಕರ್ ಅವರು ಈ ಕೆಲಸವನ್ನು ಮುಂದುವರಿಸಿದರು. ಕ್ಷೇತ್ರದಿಂದ, ದನದ ಕೊಟ್ಟಿಗೆಯಿಂದ, ಮಣ್ಣಿನ ಪರೀಕ್ಷೆಯಿಂದ ಬರುವ ಅಂಕಿಗಳ ರಾಶಿಯನ್ನು ಲೆಕ್ಕ ಮಾಡಿಕೊಡುವ ಕಚೇರಿಯೊಂದು ಕಾಲೇಜಿನಲ್ಲಿ ಆರಂಭವಾಯಿತು.

ಕಾಕ್ಸ್ ಅವರಿಗೆ ಕಲನಶಾಸ್ತ್ರ ಬೋಧಿಸುತ್ತಿದ್ದವರು ಸ್ನೆಡೆಕರ್. ಲೆಕ್ಕದಲ್ಲಿ ಆಕೆಗಿದ್ದ ವೇಗ ಮತ್ತು ಖಚಿತತೆಯನ್ನು ಕಂಡು ಅವರು ತಮ್ಮ ಲೆಕ್ಕಾಚಾರದ ಪ್ರಯೋಗಾಲಯಕ್ಕೆ ಆಕೆಯನ್ನು ಕರೆದುಕೊಂಡರು. ಇಂದು ಕಂಪ್ಯೂಟರ್ ಕ್ಷಣದಲ್ಲಿ ಮುಗಿಸುವ ಲೆಕ್ಕಕ್ಕೆ ಅಂದು ಯಂತ್ರದ ಮುಂದೆ ದಿನಗಟ್ಟಲೆ ಕೂರಬೇಕಿತ್ತು. ಅಲ್ಲಿ ಕುಳಿತವರ ಕೈಗೆ ಕೃಷಿಯ ಎಲ್ಲ ವಿಭಾಗಗಳ ಅಂಕಿಗಳೂ ಬರುತ್ತಿದ್ದವು. ಚೆನ್ನಾಗಿ ಯೋಜಿಸಿದ ಪ್ರಯೋಗದ ಅಂಕಿ ಹೇಗಿರುತ್ತದೆ, ಯೋಜನೆಯಿಲ್ಲದೆ ಕಲೆಹಾಕಿದ ಅಂಕಿ ಹೇಗಿರುತ್ತದೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಬೇರೊಂದಿರಲಿಲ್ಲ.

1929ರಲ್ಲಿ ಕಾಕ್ಸ್ ಗಣಿತದಲ್ಲಿ ಪದವಿ ಪಡೆದರು. 1931ರಲ್ಲಿ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಯೋವಾ ಸ್ಟೇಟ್ ಕಾಲೇಜು ಸಂಖ್ಯಾಶಾಸ್ತ್ರದಲ್ಲಿ ನೀಡಿದ ಮೊಟ್ಟಮೊದಲ ಸ್ನಾತಕೋತ್ತರ ಪದವಿ ಅದು. ಅವರ ಪ್ರಬಂಧದ ವಿಷಯ ಬೆಳೆಯಾಗಿರಲಿಲ್ಲ. ವಿದ್ಯಾರ್ಥಿಗಳು ಮುಂದಿನ ತರಗತಿಗಳಲ್ಲಿ ಪಡೆಯುವ ಯಶಸ್ಸಿನಿಂದ ಶಿಕ್ಷಕನ ಸಾಮರ್ಥ್ಯವನ್ನು ಅಳೆಯಬಹುದೇ ಎಂಬುದನ್ನು ಅವರು ಪರಿಶೀಲಿಸಿದ್ದರು.

ನಂತರ ಡಾಕ್ಟರೇಟ್ ಅಧ್ಯಯನಕ್ಕಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ತೆರಳಿದರು. ಆದರೆ 1933ರಲ್ಲಿ ಸ್ನೆಡೆಕರ್ ಅವರು ಏಮ್ಸ್‌ನಲ್ಲಿ ಸಂಖ್ಯಾಶಾಸ್ತ್ರ ಪ್ರಯೋಗಾಲಯವನ್ನು ಸ್ಥಾಪಿಸಿ ನೆರವಿಗೆ ಕರೆದಾಗ, ಅಧ್ಯಯನವನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿದರು. ಆ ಪದವಿಯನ್ನು ಅವರು ಮತ್ತೆ ಪೂರ್ಣಗೊಳಿಸಲಿಲ್ಲ. ತಾವು ಓದಿದ ಕಾಲೇಜೇ 1958ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಅವರು ಕಲಿಸಿದ ಪಾಠ

ಏಮ್ಸ್‌ನಲ್ಲಿ ಕಾಕ್ಸ್ ಅವರು ಪ್ರಯೋಗ ವಿನ್ಯಾಸವನ್ನು ಬೋಧಿಸತೊಡಗಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ರೂಪಿಸಿದ್ದ ತತ್ವಗಳೇ ಅದರ ಅಡಿಪಾಯ. ಫಿಷರ್ ಅವರು 1931 ಮತ್ತು 1936ರಲ್ಲಿ ಏಮ್ಸ್‌ಗೂ ಭೇಟಿ ನೀಡಿದ್ದರು. ಕಾಕ್ಸ್ ಅವರ ಪಾಠದ ಕ್ರಮ ಸರಳವಾಗಿತ್ತು. ಪ್ರಯೋಗದ ಉದ್ದೇಶವೇನು, ಯಾವ ಉಪಚಾರಗಳನ್ನು ಹೋಲಿಸಲಾಗುತ್ತದೆ, ಕೊನೆಗೆ ಅಂಕಿಗಳನ್ನು ಹೇಗೆ ವಿಶ್ಲೇಷಿಸಲಾಗುತ್ತದೆ ಎಂಬುದನ್ನು ಸಂಶೋಧಕನು ಪ್ರಯೋಗ ಆರಂಭಿಸುವ ಮುನ್ನವೇ ಬರೆದಿಡಬೇಕು. ಅನಂತರವೇ ಉಳಿದ ಕೆಲಸ.

ಇದರ ಮಹತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ತಾವು ರಾಗಿಯ ಹಳೆಯ ತಳಿ ಮತ್ತು ಹೊಸ ತಳಿಗಳನ್ನು ಹೋಲಿಸಬೇಕಾಗಿದೆ. ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಖಂಡಗಳಾಗಿ ವಿಂಗಡಿಸಿ, ಪ್ರತಿ ಖಂಡದಲ್ಲಿ ಸಮಾನ ಅಳತೆಯ ಎರಡು ತಾಕುಗಳನ್ನು ಮಾಡಿ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೀರಿ. ಹಳೆಯ ತಳಿಯ ಇಳುವರಿ ಕ್ರಮವಾಗಿ 20, 17, 22 ಮತ್ತು 15 ಕಿಲೋ. ಹೊಸ ತಳಿಯದು 22, 19, 23 ಮತ್ತು 18 ಕಿಲೋ ಬಂದಿತೆನ್ನಿ. ಮಣ್ಣು ಒಂದೊಂದು ಖಂಡದಲ್ಲಿ ಒಂದೊಂದು ರೀತಿ ಇದ್ದರೂ ಪ್ರತಿ ಖಂಡದಲ್ಲೂ ಹೊಸ ತಳಿಯೇ ಮುಂದಿದೆ. ವ್ಯತ್ಯಾಸ 2, 2, 1 ಮತ್ತು 3 ಕಿಲೋ. ಸರಾಸರಿ 2 ಕಿಲೋ.

ಇದರ ಬದಲು ಫಲವತ್ತಾದ ಮೂರನೆಯ ಖಂಡದಲ್ಲಿ ಹಳೆಯ ತಳಿಯನ್ನು, ಸಾರವಿಲ್ಲದ ನಾಲ್ಕನೆಯ ಖಂಡದಲ್ಲಿ ಹೊಸ ತಳಿಯನ್ನು ಮಾತ್ರ ಬಿತ್ತಿದ್ದರೆ ಏನಾಗುತ್ತಿತ್ತು? 22ರ ಎದುರು 18 ಕಿಲೋ ಬಂದು, ಒಳ್ಳೆಯ ತಳಿಯನ್ನು ತಾವು ತಿರಸ್ಕರಿಸುತ್ತಿದ್ದಿರಿ. ಎಷ್ಟೇ ಎಚ್ಚರದಿಂದ ತೂಗಿದರೂ ಆ ತಪ್ಪು ಸರಿಹೋಗುತ್ತಿರಲಿಲ್ಲ.

ಇನ್ನೊಂದು ಸಂದರ್ಭ ನೋಡಿ. ನಾಲ್ಕು ಖಂಡಗಳಲ್ಲಿ ಹೊಸ ತಳಿಯು ಕ್ರಮವಾಗಿ 8 ಕಿಲೋ ಹೆಚ್ಚು, 5 ಕಿಲೋ ಕಡಿಮೆ, 6 ಕಿಲೋ ಹೆಚ್ಚು ಮತ್ತು 1 ಕಿಲೋ ಕಡಿಮೆ ಕೊಟ್ಟರೂ ಸರಾಸರಿ ಹೆಚ್ಚಳ 2 ಕಿಲೋ ಆಗಿಯೇ ಇರುತ್ತದೆ. ಸರಾಸರಿ ಒಂದೇ ಆದರೂ ನಂಬಿಕೆ ಒಂದೇ ಅಲ್ಲ. ಖಂಡ ವಿಂಗಡಣೆ, ಪುನರಾವರ್ತನೆ ಮತ್ತು ಚೀಟಿ ಎತ್ತುವ ಯಾದೃಚ್ಛಿಕ ಹಂಚಿಕೆ, ಈ ಮೂರೂ ಇದ್ದಾಗ ಮಾತ್ರ ನಿಜವಾದ ಹೆಚ್ಚಳ ಯಾವುದು, ಆಕಸ್ಮಿಕ ಯಾವುದು ಎಂಬುದನ್ನು ಬೇರ್ಪಡಿಸಬಹುದು. ನಮ್ಮ ಪ್ರಯೋಗ ವರದಿಗಳ ಕೋಷ್ಟಕದ ಕೊನೆಯಲ್ಲಿ ಕಾಣುವ ಸಿ.ಡಿ. ಮೌಲ್ಯವು ಇದೇ ಲೆಕ್ಕದ ಫಲ. ಎರಡು ಉಪಚಾರಗಳ ಸರಾಸರಿಗಳ ವ್ಯತ್ಯಾಸವು ಅದಕ್ಕಿಂತ ಕಡಿಮೆ ಇದ್ದರೆ, ಒಂದು ಇನ್ನೊಂದಕ್ಕಿಂತ ಮೇಲು ಎಂದು ಆ ಪ್ರಯೋಗದ ಆಧಾರದಿಂದ ಹೇಳಲಾಗದು.

ಪಟ್ಟಿಯಲ್ಲಿ ಇಲ್ಲದ ಹೆಸರು

1940ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಕಾಲೇಜು ತನ್ನ ಕೃಷಿ ಶಾಲೆಯಲ್ಲಿ ಪ್ರಾಯೋಗಿಕ ಸಂಖ್ಯಾಶಾಸ್ತ್ರ ವಿಭಾಗವನ್ನು ತೆರೆಯಲು ನಿರ್ಧರಿಸಿ, ಮುಖ್ಯಸ್ಥರ ಸ್ಥಾನಕ್ಕೆ ತಕ್ಕವರನ್ನು ಸೂಚಿಸುವಂತೆ ಸ್ನೆಡೆಕರ್ ಅವರನ್ನು ಕೋರಿತು. ಅವರು ಸಿದ್ಧಪಡಿಸಿದ ಪಟ್ಟಿಯಲ್ಲಿ ಇದ್ದವರೆಲ್ಲ ಪುರುಷರು. ಪಟ್ಟಿಯನ್ನು ನೋಡಿದ ಕಾಕ್ಸ್, ತಮ್ಮ ಹೆಸರೇಕೆ ಇಲ್ಲವೆಂದು ನೇರವಾಗಿ ಕೇಳಿದರು. ಸ್ನೆಡೆಕರ್ ಅವರು ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಮಹಿಳೆಯನ್ನೂ ಪರಿಗಣಿಸುವುದಾದರೆ ತಾವು ಕಾಕ್ಸ್ ಅವರನ್ನು ಶಿಫಾರಸು ಮಾಡುವುದಾಗಿ ತಿಳಿಸಿದರು. ಕಾಲೇಜು ಅವರನ್ನೇ ಆಯ್ಕೆ ಮಾಡಿತು. ಆ ಸಂಸ್ಥೆಯಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆಗೂ ವಿಭಾಗದ ಮುಖ್ಯಸ್ಥ ಸ್ಥಾನಕ್ಕೂ ಏರಿದ ಮೊದಲ ಮಹಿಳೆ ಅವರು.

ಮುಂದಿನ ವರ್ಷಗಳಲ್ಲಿ ಕಾಕ್ಸ್ ಅವರು ಸಂಸ್ಥೆಗಳನ್ನು ಕಟ್ಟಿದರು. 1944ರಲ್ಲಿ ಅಲ್ಲಿ ಸಂಖ್ಯಾಶಾಸ್ತ್ರ ಸಂಸ್ಥೆ ರೂಪುಗೊಂಡಿತು. ಕೃಷಿ ಮತ್ತು ಜೀವವಿಜ್ಞಾನಗಳ ಸಂಖ್ಯಾಶಾಸ್ತ್ರಕ್ಕೆ ಮೀಸಲಾದ ಬಯೋಮೆಟ್ರಿಕ್ಸ್ ಪತ್ರಿಕೆಯ ಸಂಪಾದಕರಾಗಿ 1955ರವರೆಗೆ ದುಡಿದರು. 1956ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾದರು.

ಕೃಷಿ ಸಂಶೋಧಕರ ಮಟ್ಟಿಗೆ ಅವರ ದೊಡ್ಡ ಕೊಡುಗೆ 1950ರಲ್ಲಿ ವಿಲಿಯಂ ಕಾಕ್ರನ್ ಅವರೊಂದಿಗೆ ಪ್ರಕಟಿಸಿದ ಎಕ್ಸ್‌ಪೆರಿಮೆಂಟಲ್ ಡಿಸೈನ್ಸ್ ಎಂಬ ಗ್ರಂಥ. 1957ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಯಾವ ಸನ್ನಿವೇಶಕ್ಕೆ ಯಾವ ವಿನ್ಯಾಸ, ತಾಕುಗಳನ್ನು ಹೇಗೆ ಜೋಡಿಸಬೇಕು, ಲೆಕ್ಕವನ್ನು ಹೇಗೆ ಮಾಡಬೇಕು ಎಂಬುದನ್ನು ಸಿದ್ಧ ನಕ್ಷೆಗಳೊಂದಿಗೆ ಅದು ತಿಳಿಸುತ್ತದೆ. ಹತ್ತಾರು ತಳಿಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಖಂಡವು ದೊಡ್ಡದಾಗಿ, ಅದರೊಳಗೇ ಮಣ್ಣಿನ ಗುಣ ಬದಲಾಗುತ್ತದೆ. ಆಗ ಖಂಡಗಳನ್ನು ಚಿಕ್ಕದಾಗಿಸಿ, ಒಂದೊಂದರಲ್ಲಿ ಕೆಲವೇ ತಳಿಗಳನ್ನಿಟ್ಟು ಹೋಲಿಸುವ ಲ್ಯಾಟಿಸ್ ವಿನ್ಯಾಸಗಳನ್ನು ಅದು ವಿವರವಾಗಿ ನೀಡಿದೆ. ಕಾಕ್ರನ್–ಕಾಕ್ಸ್ ಎಂಬ ಹೆಸರಿನಲ್ಲಿ ಈ ಗ್ರಂಥ ನಮ್ಮ ದೇಶದ ಕೃಷಿ ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ.

ಕಾಕ್ಸ್ ಅವರು ಈಜಿಪ್ಟ್ ಮತ್ತು ಥಾಯ್ಲೆಂಡ್ ದೇಶಗಳ ಸಂಖ್ಯಾಶಾಸ್ತ್ರ ಕಾರ್ಯಕ್ರಮಗಳಿಗೂ ನೆರವಾದರು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಬದುಕಿನ ಕೊನೆಗೆ ರಕ್ತದ ಕ್ಯಾನ್ಸರ್ ಬಾಧಿಸಿದಾಗ, ತಮ್ಮ ಚಿಕಿತ್ಸೆಯ ವಿವರಗಳನ್ನು ತಾವೇ ಕ್ರಮವಾಗಿ ದಾಖಲಿಸುತ್ತಾ, ಈಗ ಪ್ರಯೋಗದ ತಾಕು ತಾವೇ ಎಂಬರ್ಥದಲ್ಲಿ ಹೇಳಿಕೊಳ್ಳುತ್ತಿದ್ದರು. 1978ರ ಅಕ್ಟೋಬರ್ 17ರಂದು ಅವರು ನಿಧನರಾದರು.

ತಾವು ಅನುಸರಿಸಬೇಕಾದ ಅಂಶಗಳು

• ಹೊಸ ತಳಿ, ಗೊಬ್ಬರ ಅಥವಾ ಔಷಧಿಯನ್ನು ಪರೀಕ್ಷಿಸುವಾಗ ತಮ್ಮ ರೂಢಿಯ ಪದ್ಧತಿಯ ತಾಕನ್ನು ಪಕ್ಕದಲ್ಲೇ ಇರಿಸಿರಿ. ಕಳೆದ ವರ್ಷದ ಇಳುವರಿಯೊಂದಿಗೆ ಹೋಲಿಸುವುದು ಸಲ್ಲದು. ಮಳೆ ಒಂದೇ ರೀತಿ ಇರುವುದಿಲ್ಲ.

• ಒಂದೇ ತಾಕಿನಿಂದ ತೀರ್ಮಾನಿಸದೆ, ಹೊಲದ ಮೂರು ನಾಲ್ಕು ಕಡೆ ಜೋಡಿ ತಾಕುಗಳನ್ನು ಮಾಡಿರಿ.

• ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಿ. ಹೊಸದಕ್ಕೆ ಒಳ್ಳೆಯ ಜಾಗ ಕೊಡಬೇಕೆಂಬ ಆಸೆ ಎಲ್ಲರಲ್ಲೂ ಸಹಜ. ಚೀಟಿಗೆ ಆ ಆಸೆಯಿಲ್ಲ.

• ವಿಸ್ತರಣಾ ಕಾರ್ಯಕರ್ತರು ರೈತರ ಹೊಲದಲ್ಲಿ ಪ್ರಯೋಗ ಕೈಗೊಳ್ಳುವ ಮುನ್ನ ಕೃಷಿ ಸಂಖ್ಯಾಶಾಸ್ತ್ರಜ್ಞರ ಸಲಹೆ ಪಡೆಯಿರಿ. ಕೊಯ್ಲಿನ ನಂತರ ಅಂಕಿಗಳನ್ನು ಒಯ್ದರೆ ಅವರು ಮಾಡಬಹುದಾದುದು ಅತ್ಯಲ್ಪ.

ಕೊನೆಯದಾಗಿ, ಮಕ್ಕಳ ಓದಿನ ಕುರಿತು ಒಂದು ಮಾತು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಜಗದ್ವಿಖ್ಯಾತರಾದರು. ಕಾಕ್ಸ್ ಅವರು ಅದೇ ಪದವಿಯನ್ನು ಪಡೆದಾಗ ಅವರ ವಯಸ್ಸು 31. ಲೆಕ್ಕದಲ್ಲಿ ಆಸಕ್ತಿಯುಳ್ಳ ಮಗಳೋ ಮಗನೋ ತಮ್ಮ ಮನೆಯಲ್ಲಿದ್ದರೆ, ಕೃಷಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಅಧ್ಯಯನವನ್ನು ಕೃಷಿಯಿಂದ ದೂರದ ವಿದ್ಯೆಯೆಂದು ಭಾವಿಸಬೇಡಿರಿ. ರೈತನು ನಂಬಿ ಬಿತ್ತುವ ಪ್ರತಿ ಶಿಫಾರಸಿನ ಹಿಂದೆ ಆ ವಿದ್ಯೆ ಕಲಿತವರೊಬ್ಬರ ಲೆಕ್ಕ ಇರಲೇಬೇಕು.