ಸ್ಯಾಮ್ ಕುಕ್: ಸಿಹಿ ಕಂಠದ ದಿಟ್ಟ ಗಾಯಕ

ಅಮೆರಿಕದ ಸಂಗೀತದಲ್ಲಿ 'ಸೋಲ್' ಎಂಬ ಗಾಯನ ಶೈಲಿಗೆ ದೊಡ್ಡ ಸ್ಥಾನವಿದೆ. ಅಲ್ಲಿನ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ಮೈಮರೆತು ಹಾಡುತ್ತಿದ್ದ ಭಕ್ತಿಗೀತೆಗಳ ಧಾಟಿಯಲ್ಲೇ ದಿನನಿತ್ಯದ ಸುಖದುಃಖಗಳನ್ನು ಹಾಡತೊಡಗಿದಾಗ ಹುಟ್ಟಿದ ಶೈಲಿ ಇದು. ಇದನ್ನು ರೂಪಿಸಿದವರ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಸ್ಯಾಮ್ ಕುಕ್. ಅವರು ಬದುಕಿದ್ದು 33 ವರ್ಷ ಮಾತ್ರ. ಕೇಳುವವರಿಗೆ ಹಿತವಾಗುವಂತೆ ಹಾಡಿ ಹೆಸರು, ಹಣ ಎರಡನ್ನೂ ಗಳಿಸಿದ ಅವರು, ಕೊನೆಯ ವರ್ಷದಲ್ಲಿ ಕೆಲವರಿಗೆ ಹಿತವಾಗದ ಒಂದು ಸತ್ಯವನ್ನೂ ಹಾಡಿದರು. ಇಂದು ಜಗತ್ತು ಅವರನ್ನು ಹೆಚ್ಚಾಗಿ ನೆನೆಯುವುದು ಆ ಹಾಡಿನಿಂದಲೇ.

ಸ್ಯಾಮ್ ಹುಟ್ಟಿದ್ದು 1931ರ ಜನವರಿ 22ರಂದು, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ. ಅದು ಹತ್ತಿ ಬೆಳೆಯುವ ಸೀಮೆ. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಅರವತ್ತು ವರ್ಷ ಕಳೆದಿದ್ದರೂ ಶಾಲೆ, ರೈಲು, ಹೋಟೆಲು ಎಲ್ಲೆಡೆ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಕುರ್ಚಿ ಇತ್ತು. ಬದುಕು ಅರಸಿ ಲಕ್ಷಾಂತರ ಮಂದಿ ಉತ್ತರದ ನಗರಗಳಿಗೆ ವಲಸೆ ಹೋಗುತ್ತಿದ್ದ ಕಾಲವದು. ಧರ್ಮಬೋಧಕರಾಗಿದ್ದ ತಂದೆ ಚಾರ್ಲ್ಸ್ ಕುಕ್ ಅವರೂ 1933ರಲ್ಲಿ ಸಂಸಾರವನ್ನು ಶಿಕಾಗೊಗೆ ಕರೆತಂದರು. ಅಲ್ಲಿ ಸ್ಯಾಮ್ ಅಣ್ಣ, ಅಕ್ಕತಂಗಿಯರ ಜೊತೆ ಚರ್ಚಿನಲ್ಲಿ ಹಾಡುತ್ತ ಬೆಳೆದರು. ಅವರು ಓದಿದ್ದು ವೆಂಡೆಲ್ ಫಿಲಿಪ್ಸ್ ಹೈಸ್ಕೂಲಿನಲ್ಲಿ. ಇನ್ನೊಬ್ಬ ಮಹಾಗಾಯಕ ನ್ಯಾಟ್ ಕಿಂಗ್ ಕೋಲ್ ಕೂಡ ಅದೇ ಶಾಲೆಯ ವಿದ್ಯಾರ್ಥಿ.

1950ರ ಕೊನೆಯಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಸ್ಯಾಮ್ ಅವರಿಗೆ 'ಸೋಲ್ ಸ್ಟಿರರ್ಸ್' ಎಂಬ ಹೆಸರಾಂತ ಭಕ್ತಿಗೀತೆಯ ತಂಡದಿಂದ ಕರೆ ಬಂತು. ಆ ತಂಡದ ಮುಖ್ಯ ಗಾಯಕ ಆರ್. ಎಚ್. ಹ್ಯಾರಿಸ್ ಹೊರಟುಹೋಗಿದ್ದರು. ಅಂಥವರ ಜಾಗ ತುಂಬುವುದು ಸುಲಭವಿರಲಿಲ್ಲ. ಸ್ಯಾಮ್ ಕಿರುಚದೆ, ಏರುದನಿಗೆ ಬೀಳದೆ, ಸ್ವರವನ್ನು ಮೃದುವಾಗಿ ಬಳುಕಿಸುತ್ತ ತಮ್ಮದೇ ದಾರಿ ಕಂಡುಕೊಂಡರು. ಯುವಜನರು ಅವರಿಗಾಗಿಯೇ ಸಭೆಗಳಿಗೆ ಬರತೊಡಗಿದರು.

ಚರ್ಚಿನ ಹೊರಗೆ ಹಾಡುವ ಆಸೆಯೂ ಅವರಿಗಿತ್ತು. ಆದರೆ ದೇವರ ಹಾಡು ಹಾಡಿದ ಬಾಯಲ್ಲಿ ಪ್ರೇಮಗೀತೆ ಹಾಡಿದರೆ ಭಕ್ತರು ಸಹಿಸುತ್ತಿರಲಿಲ್ಲ. ಅದಕ್ಕೇ 1956ರಲ್ಲಿ ಮೊದಲ ಪ್ರೇಮಗೀತೆಯನ್ನು ಅವರು ಡೇಲ್ ಕುಕ್ ಎಂಬ ಬೇರೆ ಹೆಸರಿನಲ್ಲಿ ಹೊರತಂದರು. ಹೆಸರು ಮರೆಮಾಚಬಹುದು, ದನಿಯನ್ನು ಮರೆಮಾಚುವುದು ಹೇಗೆ? ಕೇಳಿದವರು ತಕ್ಷಣ ಗುರುತಿಸಿಬಿಟ್ಟರು. ಮರುವರ್ಷ ಅವರು ಸ್ವಂತ ಹೆಸರಿನಲ್ಲೇ ಹೊರತಂದ 'ಯು ಸೆಂಡ್ ಮಿ' ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕಪ್ಪು ಮತ್ತು ಬಿಳಿ ಯುವಜನರಿಬ್ಬರೂ ಅದನ್ನು ಕೊಂಡರು.

ವಾಣಿಜ್ಯ ವಿಭಾಗದ ಮಿತ್ರರು ಮುಂದಿನ ಮಾತನ್ನು ಗಮನಿಸಬೇಕು. ಆ ಕಾಲದಲ್ಲಿ ಕಪ್ಪು ಗಾಯಕರು ಹಾಡುತ್ತಿದ್ದರು, ಲಾಭ ಬೇರೆಯವರ ಪಾಲಾಗುತ್ತಿತ್ತು. ಹಾಡಿನ ಹಕ್ಕು ಯಾರ ಹೆಸರಿನಲ್ಲಿದೆಯೋ ಅವರಿಗೆ ಪ್ರತಿ ರೆಕಾರ್ಡಿನ ಮಾರಾಟದಿಂದಲೂ ರಾಯಧನ ಸೇರುತ್ತದೆ ಎಂಬುದನ್ನು ಸ್ಯಾಮ್ ಬೇಗ ಅರಿತರು. ಗೆಳೆಯ ಜೆ. ಡಬ್ಲ್ಯೂ. ಅಲೆಗ್ಸಾಂಡರ್ ಜೊತೆ ಸೇರಿ ಹಾಡಿನ ಹಕ್ಕುಗಳನ್ನು ನೋಡಿಕೊಳ್ಳುವ ಕಂಪನಿಯನ್ನೂ, 'ಎಸ್‌ಎಆರ್' ಎಂಬ ರೆಕಾರ್ಡ್ ಕಂಪನಿಯನ್ನೂ ಕಟ್ಟಿದರು. ಬಾಬಿ ವೊಮ್ಯಾಕ್, ಜಾನಿ ಟೇಲರ್ ಅವರಂಥ ಯುವ ಗಾಯಕರು ಬೆಳಕಿಗೆ ಬಂದದ್ದು ಆ ಕಂಪನಿಯಿಂದ. ತಾನು ಮೇಲೆ ಬಂದ ಮೇಲೆ ಏಣಿಯನ್ನು ಎಳೆದುಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ.

ಅನ್ಯಾಯ ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಪ್ರವಾಸದ ದಾರಿಯಲ್ಲಿ ಸರಪಳಿ ತೊಟ್ಟು ರಸ್ತೆ ಕೆಲಸ ಮಾಡುತ್ತಿದ್ದ ಕೈದಿಗಳನ್ನು ಕಂಡು 'ಚೈನ್ ಗ್ಯಾಂಗ್' ಬರೆದರು. 1961ರಲ್ಲಿ ಮೆಂಫಿಸ್ ನಗರದ ಸಭಾಂಗಣದಲ್ಲಿ ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸುತ್ತಾರೆಂದು ತಿಳಿದಾಗ ಹಾಡಲು ಒಪ್ಪಲಿಲ್ಲ. ಆದರೂ ಅವರ ಹಾಡುಗಳು ಬಹುಪಾಲು ಪ್ರೀತಿ, ಕುಣಿತಗಳ ಸುತ್ತಲೇ ಇದ್ದವು. ಬಿಳಿಯ ಯುವಕ ಬಾಬ್ ಡಿಲನ್ ಬರೆದ 'ಬ್ಲೋಯಿನ್ ಇನ್ ದ ವಿಂಡ್' ಕೇಳಿದಾಗ, ಇಂಥ ಹಾಡು ತಮ್ಮಿಂದ ಬರಬೇಕಿತ್ತಲ್ಲ ಎಂದು ಅವರ ಮನಸ್ಸು ಚುಚ್ಚಿತು.

1963 ಅವರ ಪಾಲಿಗೆ ಕಠಿಣ ವರ್ಷ. ಜೂನ್ ತಿಂಗಳಲ್ಲಿ ಒಂದೂವರೆ ವರ್ಷದ ಮಗ ವಿನ್ಸೆಂಟ್ ಮನೆಯ ಈಜುಕೊಳದಲ್ಲಿ ಮುಳುಗಿ ತೀರಿಕೊಂಡ. ಅಕ್ಟೋಬರ್ 8ರಂದು ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ನಗರದಲ್ಲಿ ಮೊದಲೇ ಕಾದಿರಿಸಿದ್ದ ಹೋಟೆಲಿಗೆ ಪತ್ನಿಯೊಡನೆ ಹೋದರೆ, ಅವರನ್ನು ಕಂಡ ಗುಮಾಸ್ತ ಕೋಣೆ ಇಲ್ಲವೆಂದ. ಸ್ಯಾಮ್ ಸುಮ್ಮನೆ ಹಿಂದಿರುಗದೆ ಪ್ರತಿಭಟಿಸಿದರು. ಶಾಂತಿಭಂಗದ ಆರೋಪದ ಮೇಲೆ ಪೊಲೀಸರು ಬಂಧಿಸಿದ್ದು ಅವರನ್ನೇ. ಲಕ್ಷಾಂತರ ಜನ ಮೆಚ್ಚಿದ ಗಾಯಕನಿಗೂ ಒಂದು ರಾತ್ರಿ ತಂಗಲು ಜಾಗವಿರಲಿಲ್ಲ.

ಆ ನೋವಿನಿಂದ ಹುಟ್ಟಿದ ಹಾಡು 'ಎ ಚೇಂಜ್ ಈಸ್ ಗೊನ್ನಾ ಕಮ್'. ಬದಲಾವಣೆ ತಡವಾದರೂ ಬಂದೇ ಬರುತ್ತದೆ ಎಂಬುದು ಅದರ ತಿರುಳು. 1964ರ ಜನವರಿ 30ರಂದು, ರೆನೆ ಹಾಲ್ ಹೊಂದಿಸಿದ ವಾದ್ಯವೃಂದದೊಡನೆ ಅದರ ಧ್ವನಿಮುದ್ರಣವಾಯಿತು. ಫೆಬ್ರವರಿ 7ರಂದು ಟಿ.ವಿ.ಯಲ್ಲಿ ಅದನ್ನು ಹಾಡಿದರು. ಆದರೆ ಎರಡೇ ದಿನಗಳಲ್ಲಿ ಬೀಟಲ್ಸ್ ತಂಡ ಅಮೆರಿಕದ ಟಿ.ವಿ.ಗೆ ಬಂದು, ದೇಶವೆಲ್ಲ ಅವರದೇ ಮಾತಾಯಿತು.

ಅದೇ ತಿಂಗಳ 25ರಂದು ಮಯಾಮಿಯಲ್ಲಿ ಕ್ಯಾಷಿಯಸ್ ಕ್ಲೇ ಎಂಬ ತರುಣ ಸನ್ನಿ ಲಿಸ್ಟನ್‌ರನ್ನು ಸೋಲಿಸಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಗೆದ್ದ ಗದ್ದಲದ ನಡುವೆ ಅವರು ಗೆಳೆಯ ಸ್ಯಾಮ್ ಅವರನ್ನು ಅಖಾಡದೊಳಗೆ ಕರೆದು ಕ್ಯಾಮೆರಾಗಳ ಮುಂದೆ ಹೊಗಳಿದರು. ಆ ರಾತ್ರಿ ಇಬ್ಬರೂ ಮಾಲ್ಕಂ ಎಕ್ಸ್ ಮತ್ತು ಫುಟ್‌ಬಾಲ್ ಆಟಗಾರ ಜಿಮ್ ಬ್ರೌನ್ ಜೊತೆ ಕಳೆದರು. ಕೆಲವೇ ದಿನಗಳಲ್ಲಿ ಆ ತರುಣ ಮುಹಮ್ಮದ್ ಅಲಿ ಆದರು. ನಮಗೆಲ್ಲ ಪರಿಚಿತ ಹೆಸರದು.

1964ರ ಡಿಸೆಂಬರ್ 11ರಂದು ಲಾಸ್ ಏಂಜಲೀಸಿನ ಒಂದು ಮೋಟೆಲಿನಲ್ಲಿ ಸ್ಯಾಮ್ ಗುಂಡೇಟಿನಿಂದ ತೀರಿಕೊಂಡರು. ಗುಂಡು ಹಾರಿಸಿದ ಮೋಟೆಲಿನ ವ್ಯವಸ್ಥಾಪಕಿ ಆತ್ಮರಕ್ಷಣೆಗಾಗಿ ಹಾಗೆ ಮಾಡಿದರೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮನೆಯವರಿಗೂ ಗೆಳೆಯರಿಗೂ ಆ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಅವರ ಆ ಹಾಡು ಪ್ರತ್ಯೇಕ ರೆಕಾರ್ಡಾಗಿ ಹೊರಬಂದದ್ದು ಅವರು ತೀರಿಕೊಂಡ ಎರಡು ವಾರದೊಳಗೆ. ಅದರಲ್ಲಿ ವರ್ಣಭೇದವನ್ನು ನೇರವಾಗಿ ಹೇಳುವ ಒಂದು ನುಡಿಯನ್ನು ರೇಡಿಯೊಗಾಗಿ ಕತ್ತರಿಸಲಾಗಿತ್ತು.

ಆದರೂ ಹಾಡು ಉಳಿಯಿತು. ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದವರು ಅದನ್ನು ತಮ್ಮದಾಗಿಸಿಕೊಂಡರು. ಓಟಿಸ್ ರೆಡಿಂಗ್, ಅರೀಥಾ ಫ್ರಾಂಕ್ಲಿನ್ ಅದನ್ನು ಮತ್ತೆ ಹಾಡಿದರು. 2009ರ ಜನವರಿಯಲ್ಲಿ ಮೊದಲ ಕಪ್ಪು ಅಧ್ಯಕ್ಷ ಬರಾಕ್ ಒಬಾಮಾ ಅಧಿಕಾರ ವಹಿಸಿಕೊಳ್ಳುವ ಮುನ್ನ ನಡೆದ ಸಮಾರಂಭದಲ್ಲೂ ಅದು ಕೇಳಿಸಿತು. 2019ರಲ್ಲಿ ಶ್ರೀವ್‌ಪೋರ್ಟ್ ನಗರದ ಮೇಯರ್ ಅಂದಿನ ಅವಮಾನಕ್ಕಾಗಿ ಸ್ಯಾಮ್ ಕುಟುಂಬದ ಕ್ಷಮೆ ಕೇಳಿದರು. ಆ ಘಟನೆ ನಡೆದು ಆಗ 56 ವರ್ಷ ತುಂಬುತ್ತಿತ್ತು.

ವಿದ್ಯಾರ್ಥಿ ಮಿತ್ರರೇ, ಸ್ಯಾಮ್ ಅವರಿಗೆ ಸುಮ್ಮನಿರಲು ಕಾರಣಗಳು ಬೇಕಾದಷ್ಟಿದ್ದವು. ಬಿಳಿಯ ಕೇಳುಗರು ದೂರವಾದರೆ ಗಳಿಕೆ ನಿಲ್ಲುತ್ತಿತ್ತು. ತಮ್ಮ ದನಿಯ ಬೆಲೆ ಅರಿತಿದ್ದ ಆ ಮನುಷ್ಯ ಇದನ್ನು ತಿಳಿದೇ ಆ ಹಾಡನ್ನು ಹಾಡಿದರು. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರತಿಭೆ ಇದೆ: ಬರವಣಿಗೆ, ಭಾಷಣ, ಚಿತ್ರಕಲೆ, ಲೆಕ್ಕ. ಅದರಿಂದ ಜೀವನ ಕಟ್ಟಿಕೊಳ್ಳೋಣ. ಸತ್ಯ ಹೇಳಬೇಕಾದ ದಿನ ಬಂದಾಗ ಅದೇ ಪ್ರತಿಭೆಯನ್ನು ಅದಕ್ಕೂ ಬಳಸೋಣ.