ಋಣಮುಕ್ತಿಯ ಶಾಸನಕಾರ ಸೋಲನ್

ಗ್ರೀಸಿನ ನಗರರಾಜ್ಯಗಳಲ್ಲಿ ಹಿರಿದಾದ ಅಥೆನ್ಸಿಗೆ ನ್ಯಾಯದ ತಳಹದಿ ಹಾಕಿದವರಲ್ಲಿ ಸೋಲನ್ ಅಗ್ರಗಣ್ಯನು. ಅವನು ಕವಿಯೂ ಹೌದು, ಶಾಸನಕಾರನೂ ಹೌದು.

ಅವನ ಕಾಲದಲ್ಲಿ ಬಡ ರೈತನು ತನ್ನ ದೇಹವನ್ನೇ ಒತ್ತೆಯಿಟ್ಟು ಸಾಲ ಪಡೆಯುತ್ತಿದ್ದನು; ತೀರಿಸಲಾಗದಿದ್ದರೆ ಮಕ್ಕಳೊಡನೆ ದಾಸನಾಗುತ್ತಿದ್ದನು. ಅಂತಃಕಲಹ ಸನ್ನಿಹಿತವಾದಾಗ, ಕ್ರಿ.ಪೂ. 594ರ ಸುಮಾರಿಗೆ, ಉಭಯ ಪಕ್ಷದವರೂ ಅವನನ್ನು ಆರ್ಕನ್ ಎಂಬ ಉನ್ನತ ಪದವಿಗೆ ಆರಿಸಿದರು.

ಸೋಲನನು ಸಾಲಗಳನ್ನು ರದ್ದುಪಡಿಸಿದನು. ಹೊಲಗಳಲ್ಲಿ ನೆಟ್ಟಿದ್ದ ಋಣದ ಕಲ್ಲುಗಳನ್ನು ಕೀಳಿಸಿದನು. ಪರನಾಡಿಗೆ ಮಾರಾಟವಾಗಿದ್ದ ಅನೇಕರನ್ನು ಮರಳಿ ಕರೆತಂದನು. ಕುಲದ ಬದಲು ಹೊಲದ ಉತ್ಪನ್ನವನ್ನು ಅಧಿಕಾರಕ್ಕೆ ಅಳತೆಗೋಲಾಗಿಸಿ, ಪ್ರಜೆಗಳನ್ನು 4 ವರ್ಗಗಳಾಗಿ ವಿಂಗಡಿಸಿದನು. ಆದರೆ ಭೂಮಿಯನ್ನು ಮರುಹಂಚಲಿಲ್ಲ. ಸಾಲ ಕಳೆದುಕೊಂಡ ಧನಿಕರೂ ಭೂಮಿ ದೊರೆಯದ ಬಡವರೂ ಸಮಾನವಾಗಿ ಮುನಿದರು.

ಸರ್ವಾಧಿಕಾರಿಯಾಗುವ ಅವಕಾಶ ಕೈಗೆಟುಕಿದ್ದರೂ ಅವನು ಅದನ್ನು ನಿರಾಕರಿಸಿದನು. ಶಾಸನಗಳನ್ನು ಮರದ ಫಲಕಗಳಲ್ಲಿ ಕೆತ್ತಿಸಿ, ಅವು ತನ್ನ ಮುಖ ನೋಡದೆ ನಡೆಯಲೆಂದು 10 ವರ್ಷ ದೇಶಾಂತರ ಹೋದನೆಂದು ಪ್ರಾಚೀನರು ಹೇಳುತ್ತಾರೆ. ಮುಪ್ಪಿನಲ್ಲಿ ಪೈಸಿಸ್ಟ್ರಾಟಸನು ಸರ್ವಾಧಿಕಾರಿಯಾದುದನ್ನೂ ಅವನು ಕಾಣಬೇಕಾಯಿತು.

ಆ ಫಲಕಗಳು ಇಂದು ಉಳಿದಿಲ್ಲ. 1970ರಲ್ಲಿ ಅಥೆನ್ಸಿನ ಅಗೋರಾದ ಉತ್ಖನನದಲ್ಲಿ ‘ರಾಜಮಂಟಪ’ವೂ ಅದರ ಮುಂದೆ ಒಂದು ದೊಡ್ಡ ಶಿಲೆಯೂ ದೊರೆತವು. ಆರ್ಕನ್ನರು ಶಾಸನಪಾಲನೆಯ ಪ್ರತಿಜ್ಞೆ ಮಾಡುತ್ತಿದ್ದುದು ಈ ಶಿಲೆಯ ಮೇಲೆಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಧಿಕಾರಿಯನ್ನೂ ಶಾಸನಕ್ಕೆ ತಲೆಬಾಗಿಸಿದುದೇ ಸೋಲನನ ಹಿರಿಮೆ.