ಕಣಿವೆಯ ಪಕ್ಷ ವಹಿಸಿದ ಜಾನ್ ಮ್ಯೂರ್

ನದಿಯ ನೀರು ಯಾರಿಗೆ ಸಲ್ಲಬೇಕೆಂಬ ವ್ಯಾಜ್ಯ ನಮ್ಮ ನಾಡಿಗೆ ಹೊಸದಲ್ಲ. ಆದರೆ ಸ್ವತಃ ನದಿಯ ಪರವಾಗಿ ನಿಂತು ವಾದಿಸಿದವರು ವಿರಳ. ಅಂಥವರಲ್ಲಿ ಅಮೆರಿಕೆಯ ಜಾನ್ ಮ್ಯೂರ್ ಅಗ್ರಗಣ್ಯನು.

ಈತನು 1838ರ ಏಪ್ರಿಲ್ 21ರಂದು ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದನು. 1849ರಲ್ಲಿ ಕುಟುಂಬವು ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತಕ್ಕೆ ವಲಸೆ ಹೋಯಿತು. ತಂದೆ ಕಠೋರ ಶಿಸ್ತಿನವನು. ಬಾಲ್ಯವೆಲ್ಲ ಹೊಲದ ದುಡಿಮೆಯಲ್ಲಿಯೇ ಸವೆಯಿತು. 1867ರಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅರದ ಮೊನೆ ಬಲಗಣ್ಣಿಗೆ ನಾಟಿತು, ಎಡಗಣ್ಣೂ ಮಂಕಾಯಿತು. ಕತ್ತಲಕೋಣೆಯಲ್ಲಿ ವಾರಗಟ್ಟಲೆ ಮಲಗಿದ್ದವನು ದೃಷ್ಟಿ ಮರಳಿದೊಡನೆ ಯಂತ್ರಗಳ ಸಹವಾಸವನ್ನು ತೊರೆದು ಕಾಡುಮೇಡುಗಳನ್ನು ಕಾಣಲು ಹೊರಟನು. ಮರುವರ್ಷ ಕ್ಯಾಲಿಫೋರ್ನಿಯವನ್ನು ಸೇರಿ ಸಿಯೆರಾ ನೆವಾಡ ಪರ್ವತಶ್ರೇಣಿಯನ್ನೇ ತನ್ನ ಪಾಠಶಾಲೆಯಾಗಿಸಿಕೊಂಡನು. ಈತನ ಲೇಖನಗಳ ಬಲದಿಂದ 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. 1892ರಲ್ಲಿ ಹುಟ್ಟಿದ ಸಿಯೆರಾ ಕ್ಲಬ್ ಎಂಬ ಸಂಘಕ್ಕೆ ಕಡೆಯವರೆಗೂ ಈತನೇ ಅಧ್ಯಕ್ಷ.

ಆ ಉದ್ಯಾನದೊಳಗೆ ಟುವಾಲಮ್ನಿ ನದಿ ಹರಿಯುವ ಹೆಚ್ ಹೆಚ್ಚಿ ಎಂಬ ಕಣಿವೆಯಿತ್ತು. ಇಕ್ಕೆಲಗಳಲ್ಲಿ ಕಡಿದಾದ ಬಂಡೆಗೋಡೆ, ಮೇಲಿಂದ ಧುಮುಕುವ ಜಲಪಾತ, ನಡುವೆ ಹುಲ್ಲುಗಾವಲು. ಅಲ್ಲಿ ಅಣೆಕಟ್ಟು ಕಟ್ಟಿ ಕುಡಿಯುವ ನೀರನ್ನು ಒಯ್ಯಲು ಸಾನ್ ಫ್ರಾನ್ಸಿಸ್ಕೊ ನಗರವು ಬಯಸಿತು. ಸರ್ಕಾರವು ಮೊದಲು ಒಪ್ಪಲಿಲ್ಲ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ನಗರದ ನೀರಿನ ಕೊಳವೆಗಳು ಒಡೆದವು. ಬೆಂಕಿ ನಂದಿಸಲು ನೀರಿಲ್ಲದೆ ನಗರದ ಬಹುಭಾಗ ಬೂದಿಯಾಯಿತು. ಆ ಬಳಿಕ ಜನಾಭಿಪ್ರಾಯ ಅಣೆಕಟ್ಟಿನತ್ತ ವಾಲಿತು. ಕೊಳವೆ ಒಡೆದದ್ದಕ್ಕೆ ಕಣಿವೆ ದಂಡ ತೆರಬೇಕಾಯಿತೆಂದರೂ ತಪ್ಪಾಗದು.

ಬಾಯಾರಿದವರಿಗೆ ನೀರು ಬೇಡವೆನ್ನುವ ಕಠಿಣಹೃದಯಿ ಮ್ಯೂರ್ ಅಲ್ಲ. ನೀರನ್ನು ಬೇರೆಡೆಯಿಂದಲೂ ತರಬಹುದು, ಉದ್ಯಾನವೆಂದು ಕಾಯ್ದಿಟ್ಟ ಕಣಿವೆಯನ್ನು ಅದಕ್ಕಾಗಿ ಮುಳುಗಿಸಬೇಕಿಲ್ಲ ಎಂಬುದು ಆತನ ವಾದ. ಎದುರುಪಕ್ಷದಲ್ಲಿ ಅರಣ್ಯಶಾಸ್ತ್ರಜ್ಞನಾದ ಗಿಫರ್ಡ್ ಪಿಂಚೊ ಇದ್ದನು. ಪ್ರಕೃತಿಸಂಪತ್ತು ಬಹುಜನರಿಗೆ ಬಹುಕಾಲ ಉಪಯೋಗವಾಗಬೇಕೆಂಬುದು ಅವನ ಮತ, ಅದೂ ತಳ್ಳಿಹಾಕುವಂಥದಲ್ಲ. ಮ್ಯೂರನ ಸಂಘದೊಳಗೇ ಕೆಲವರು ನಗರದ ಪಕ್ಷ ವಹಿಸಿದರು. ಮ್ಯೂರನ ದೃಷ್ಟಿಯಲ್ಲಿಯೂ ಕೊರತೆಯಿತ್ತೆನ್ನಬೇಕು: ತಲೆತಲಾಂತರದಿಂದ ಆ ನೆಲವನ್ನು ಬಲ್ಲ ಮಿವಾಕ್ ಜನರ ಹಕ್ಕು ಆತನ ವಾದದಲ್ಲಿ ಪ್ರಧಾನವಾಗಲಿಲ್ಲ.

1913ರ ಡಿಸೆಂಬರ್ 19ರಂದು ಅಧ್ಯಕ್ಷ ವಿಲ್ಸನ್ ಅಣೆಕಟ್ಟಿನ ಶಾಸನಕ್ಕೆ ಅಂಕಿತ ಹಾಕಿದನು. ಮರುವರ್ಷದ ಡಿಸೆಂಬರ್ 24ರಂದು ಮ್ಯೂರ್ ಲಾಸ್ ಏಂಜಲೀಸಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡನು. 1923ರಲ್ಲಿ ಅಣೆಕಟ್ಟು ಪೂರ್ಣಗೊಂಡು ಕಣಿವೆ ಮುಳುಗಿತು. 1934ರಲ್ಲಿ ನೀರು ನಗರವನ್ನು ಮುಟ್ಟಿತು. ಸಾನ್ ಫ್ರಾನ್ಸಿಸ್ಕೊ ಇಂದಿಗೂ ಬಹುಪಾಲು ಅದೇ ನೀರನ್ನು ಕುಡಿಯುತ್ತಿದೆ.